ಮನೆಯಲ್ಲಿ ಮೊದಲ ಪದವೀಧರೆ, ಮುಂದೆ ಶಿಕ್ಷಣದಲ್ಲಿ ಪಿಎಚ್‌.ಡಿ: ಯಾವುದನ್ನು ಮೊದಲು ಹಿಡಿಯಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಪದವಿ ಮುಗಿಸಿದ ಮೊದಲಿಗಳು ನಾನು. ಬಿ.ಎಸ್ಸಿ., ಬಿ.ಎಡ್. ಆದಮೇಲೆ ಎಂ.ಎಡ್. ಮುಗಿಸಿದ್ದೇನೆ, ಶೇ. 58 ಬಂದಿದೆ. ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಶಿಕ್ಷಣ ವಿಷಯದಲ್ಲಿ ಪಿಎಚ್‌.ಡಿ ಮಾಡುವ ಆಸೆಯಿದೆ. ಹೇಳಿಕೊಡುವವರು ಯಾರೂ ಇಲ್ಲ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಮೊದಲು ಬರೆಯಬೇಕೇ, ಗೈಡ್ (ಸಂಶೋಧನಾ ಮಾರ್ಗದರ್ಶಕರು) ಮೊದಲು ಹುಡುಕಬೇಕೇ? ಕೆಲಸ ಬಿಡಲೇಬೇಕೇ? ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಥೀಸಿಸ್ ಕನ್ನಡದಲ್ಲಿ ಬರೆಯಬಹುದೇ?

ಉತ್ತರ: ಅರ್ಹತೆಯ ಚಿಂತೆ ಬೇಡ. ಈಗ ಜಾರಿಯಲ್ಲಿರುವ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್‌.ಡಿ ನಿಯಮಾವಳಿಯ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಇದ್ದರೆ ಸಾಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು, ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ. 5 ರಿಯಾಯಿತಿ ಇದೆ. ಎಂ.ಫಿಲ್. ಮಾಡಿಕೊಂಡು ಬನ್ನಿ ಎಂದು ಯಾರಾದರೂ ಹಳೆಯ ಲೆಕ್ಕ ಹೇಳಿದರೆ ಕಿವಿಗೊಡಬೇಡಿ. ಅದೇ ನಿಯಮಾವಳಿ ಎಂ.ಫಿಲ್. ಅನ್ನು ನಿಲ್ಲಿಸಿದೆ.

ನೀವು ಕೇಳಿದ್ದರಲ್ಲಿ ಮುಖ್ಯವಾದದ್ದು ಯಾವುದು ಮೊದಲು ಎಂಬುದು. ಸಾಮಾನ್ಯವಾಗಿ ಎಲ್ಲರೂ ಹೋಗುವ ದಾರಿ ಹೀಗಿರುತ್ತದೆ: ನೆಟ್ ಪಾಸು ಮಾಡುವುದು, ಅಧಿಸೂಚನೆ ಬಂದಾಗ ಅರ್ಜಿ ಹಾಕುವುದು, ಸಿಕ್ಕ ಗೈಡ್ ಹತ್ತಿರ ಸೇರುವುದು, ಆಮೇಲೆ ‘ಸರ್, ಟಾಪಿಕ್ ಏನು ತಗೊಳ್ಳಲಿ’ ಎಂದು ಕೇಳುವುದು. ಮೂರನೇ ವರ್ಷದಲ್ಲಿ ಕೆಲಸ ನಿಂತುಹೋಗುವ ಬಹುಪಾಲು ಪ್ರಕರಣಗಳ ಬೇರು ಇಲ್ಲೇ ಇದೆ. ಮನೆಯಲ್ಲಿ ಅಪ್ಪನೋ ಅಕ್ಕನೋ ಪಿಎಚ್‌.ಡಿ ಮಾಡಿದವರಾಗಿದ್ದರೆ ಈ ಸರಣಿಯನ್ನು ತಿರುಗಿಸಿ ಹಿಡಿ ಎಂದು ಊಟಕ್ಕೆ ಕೂತಾಗಲೇ ಹೇಳಿಬಿಡುತ್ತಿದ್ದರು. ಮೊದಲ ತಲೆಮಾರಿನವರಿಗೆ ಕೊರತೆಯಾಗುವುದು ಬುದ್ಧಿಯಲ್ಲ, ಹೀಗೆ ಎಲ್ಲೂ ಬರೆದಿಡದ ಮಾಹಿತಿ. ಮೊದಲು ಒಂದು ಪ್ರಶ್ನೆ, ಆ ಪ್ರಶ್ನೆಯಲ್ಲಿ ಆಸಕ್ತಿಯಿರುವ ಗೈಡ್, ಅದರ ಜೊತೆಜೊತೆಗೇ ನೆಟ್. ಇದಕ್ಕೆಲ್ಲ ಒಂದು ವರ್ಷ ಇಟ್ಟುಕೊಳ್ಳಿ.

ಪ್ರಶ್ನೆ ಎಂದರೆ ಶೀರ್ಷಿಕೆ ಅಲ್ಲ. ‘ಪ್ರೌಢಶಾಲಾ ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನೆಯ ಮೇಲೆ ಭಾವನಾತ್ಮಕ ಬುದ್ಧಿಮತ್ತೆಯ ಪರಿಣಾಮ: ಒಂದು ಅಧ್ಯಯನ’. ಇಂಥ ಶೀರ್ಷಿಕೆಗಳು ಥೀಸಿಸ್‌ಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಮೂಟೆಗಟ್ಟಲೆ ಸಿಗುತ್ತವೆ. ಒಂದು ದಿನ ಶಾಲೆಗೆ ಹೋಗಿ ಎರಡು ಪ್ರಶ್ನಾವಳಿ ತುಂಬಿಸಿಕೊಂಡು ಬಂದರೆ ಸಿಗುವುದು ಎರಡು ಅಂಶಗಳ ನಡುವಿನ ಸಹಸಂಬಂಧ ಮಾತ್ರ. ‘ಪರಿಣಾಮ’ ಎಂಬ ಪದ ಕಾರಣವನ್ನು ಹೇಳುತ್ತದೆ, ಕೈಯಲ್ಲಿರುವ ದತ್ತಾಂಶ ಅದನ್ನು ಹೇಳುವುದಿಲ್ಲ. ವೈವಾದಲ್ಲಿ (ಥೀಸಿಸ್ ಕುರಿತ ಮೌಖಿಕ ಪರೀಕ್ಷೆಯಲ್ಲಿ) ಮೊದಲ ಏಟು ಬೀಳುವುದೇ ಈ ಪದಕ್ಕೆ.

ನಿಮ್ಮ ತರಗತಿಯಲ್ಲೇ ಇರುವ ಪ್ರಶ್ನೆಯೊಂದನ್ನು ತೆಗೆದುಕೊಳ್ಳೋಣ. ಏಳನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಮಕ್ಕಳು ಹೇಳಿಕೆ ಲೆಕ್ಕಗಳಲ್ಲಿ ಎಡವುತ್ತಾರೆ. ಎಡವುವುದು ಗಣಿತದಲ್ಲೋ, ಭಾಷೆಯಲ್ಲೋ? ಇದು ಪ್ರಶ್ನೆ, ಏಕೆಂದರೆ ಉತ್ತರ ಎರಡು ಬಗೆಯಲ್ಲಿ ಬರಬಹುದು ಮತ್ತು ಯಾವುದು ಸರಿ ಎಂದು ಪರೀಕ್ಷಿಸಿ ನೋಡಬಹುದು. ಹನ್ನೆರಡು ಲೆಕ್ಕ ಆರಿಸಿ. ಪ್ರತಿಯೊಂದಕ್ಕೂ ಮೂರು ರೂಪ ಮಾಡಿ: ಬರೀ ಅಂಕಿಯದು, ಕನ್ನಡ ವಾಕ್ಯದ್ದು, ಇಂಗ್ಲಿಷ್ ವಾಕ್ಯದ್ದು. ‘450 ರೂಪಾಯಿಯ ಚೀಲಕ್ಕೆ ಶೇ. 20 ರಿಯಾಯಿತಿ ಸಿಕ್ಕರೆ ಕೊಡಬೇಕಾದದ್ದೆಷ್ಟು?’ ಎಂಬುದು ಒಂದು ರೂಪವಾದರೆ, 450ರಿಂದ ಅದರ ಶೇ. 20ನ್ನು ಕಳೆಯುವ ಚಿಹ್ನೆಗಳ ಸಾಲು ಇನ್ನೊಂದು. ಒಂದೇ ಮಗುವಿಗೆ ಒಂದೇ ಲೆಕ್ಕವನ್ನು ಮೂರು ಸಲ ಕೊಟ್ಟರೆ ಮೂರನೆಯ ಸಲ ನೆನಪಿನಿಂದ ಬರೆಯುತ್ತದೆ. ಆದ್ದರಿಂದ ಮೂರು ಬಗೆಯ ಹಾಳೆ ಮಾಡಿ, ಪ್ರತಿ ಮಗುವಿಗೂ ನಾಲ್ಕು ಅಂಕಿಯ, ನಾಲ್ಕು ಕನ್ನಡದ, ನಾಲ್ಕು ಇಂಗ್ಲಿಷಿನ ಲೆಕ್ಕ ಬರುವಂತೆ, ಆದರೆ ಯಾವ ಲೆಕ್ಕವೂ ಎರಡು ಸಲ ಬಾರದಂತೆ ಹಂಚಿ. ಅಂಕಿಯ ರೂಪಕ್ಕೂ ಕನ್ನಡದ ರೂಪಕ್ಕೂ ನಡುವಿನ ಅಂತರ ಲೆಕ್ಕವನ್ನು ಕಟ್ಟಿಕೊಳ್ಳುವ ಕಷ್ಟವನ್ನು ತೋರಿಸುತ್ತದೆ, ಕನ್ನಡಕ್ಕೂ ಇಂಗ್ಲಿಷಿಗೂ ನಡುವಿನ ಅಂತರ ಭಾಷೆಯ ಕಷ್ಟವನ್ನು. ಒಂದನೇ ತರಗತಿಯಿಂದಲೂ ಇಂಗ್ಲಿಷ್ ಮಾಧ್ಯಮದಲ್ಲಿದ್ದ ಮಕ್ಕಳ ಗುಂಪೊಂದು ಹೋಲಿಕೆಗೆ ಇದ್ದರೆ ಇನ್ನೂ ಒಳ್ಳೆಯದು. ಇದೇ ವಿಷಯ ಮಾಡಿ ಎನ್ನುತ್ತಿಲ್ಲ. ನಿಮ್ಮ ಪ್ರಶ್ನೆಯೂ ಇಷ್ಟು ಹತ್ತಿರದಿಂದ ಕಾಣುವಂತಿರಬೇಕು, ಯಾರನ್ನು, ಏನು, ಹೇಗೆ ಎಂದು ಯಾರಾದರೂ ಕೇಳಿದರೆ ತಡವರಿಸದೆ ಹೇಳುವಂತಿರಬೇಕು.

ಪ್ರಶ್ನೆಯನ್ನು ಹದಮಾಡಲು ಓದು ಬೇಕು. ಶೋಧಗಂಗಾ ಉಚಿತ, ದೇಶದ ಬಹಳಷ್ಟು ಥೀಸಿಸ್‌ಗಳು ಅಲ್ಲಿ ಪೂರ್ತಿಯಾಗಿ ಸಿಗುತ್ತವೆ. ಶಿಕ್ಷಣ ಸಂಶೋಧನೆಗೇ ಮೀಸಲಾದ ಅಮೆರಿಕದ ಎರಿಕ್ ದತ್ತಸಂಚಯವನ್ನೂ ದುಡ್ಡಿಲ್ಲದೆ ಹುಡುಕಬಹುದು. ದುಬಾರಿ ನಿಯತಕಾಲಿಕೆಗಳು ಬೇಕಾದಾಗ ನೀವು ಎಂ.ಎಡ್. ಓದಿದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ. ಕೇಂದ್ರದ ‘ಒಂದು ದೇಶ, ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಾವಿರಾರು ನಿಯತಕಾಲಿಕೆಗಳನ್ನು ತೆರೆದಿದೆ. ಒಂದು ನೋಟ್‌ಬುಕ್ಕಿನಲ್ಲಿ ಆರು ಕಾಲಂ ಎಳೆಯಿರಿ: ಯಾರು ಮತ್ತು ಯಾವಾಗ, ಕೇಳಿದ ಪ್ರಶ್ನೆ, ಎಷ್ಟು ಮಂದಿಯ ಮೇಲೆ, ಯಾವ ಟೂಲ್ (ಅಳೆಯಲು ಬಳಸಿದ ಪ್ರಶ್ನಾವಳಿ ಅಥವಾ ಪರೀಕ್ಷೆ), ಏನು ಸಿಕ್ಕಿತು, ಏನನ್ನು ಬಿಟ್ಟಿದ್ದಾರೆ. ಮೂವತ್ತು ಸಾಲು ತುಂಬುವ ಹೊತ್ತಿಗೆ ಕೊನೆಯ ಕಾಲಮ್ಮಿನಲ್ಲಿ ನಿಮ್ಮ ಜಾಗ ತಾನೇ ಕಾಣುತ್ತದೆ. ಮುಂದೆ ಥೀಸಿಸ್‌ನ ಎರಡನೇ ಅಧ್ಯಾಯ (ಹಿಂದಿನ ಅಧ್ಯಯನಗಳ ಸಮೀಕ್ಷೆ) ಬರೆಯುವಾಗಲೂ ಇದೇ ನೋಟ್‌ಬುಕ್ ಕೈಹಿಡಿಯುತ್ತದೆ.

ಇನ್ನು ಗೈಡ್. ಇಲ್ಲಿ ಲೆಕ್ಕಾಚಾರ ಬೇಕು, ಸಂಕೋಚ ಬೇಡ. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿ ಪಿಎಚ್‌.ಡಿ ವಿದ್ಯಾರ್ಥಿಗಳನ್ನು ಮಾತ್ರ ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಎಷ್ಟೇ ದೊಡ್ಡ ಹೆಸರಿದ್ದರೂ ಅವರ ಬಳಿ ಸೀಟು ಖಾಲಿ ಇಲ್ಲದಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತು. ಖಾಲಿ ಸ್ಥಾನಗಳ ವಿವರ ಪ್ರವೇಶದ ಅಧಿಸೂಚನೆಯ ಜೊತೆ ಬರುತ್ತದೆ. ಹಿಂದಿನ ಎರಡು ಮೂರು ವರ್ಷದ ಅಧಿಸೂಚನೆಗಳನ್ನು ಇಳಿಸಿಕೊಂಡರೆ ಮುಂದಿನ ವರ್ಷ ಯಾರ ಬಳಿ ಜಾಗವಾದೀತು ಎಂದು ಅಂದಾಜು ಮಾಡಬಹುದು. ಆಮೇಲೆ ಆ ಗೈಡ್‌ನ ಹಿಂದಿನ ವಿದ್ಯಾರ್ಥಿಗಳ ಮೂರು ಥೀಸಿಸ್ ಶೋಧಗಂಗಾದಲ್ಲಿ ತೆರೆಯಿರಿ. ಮೂರರಲ್ಲೂ ಅದೇ ಟೂಲ್, ಅದೇ ಅಧ್ಯಾಯ ಕಟ್ಟು, ಊರಿನ ಹೆಸರು ಮಾತ್ರ ಬೇರೆ ಅಂದರೆ ಅಲ್ಲಿ ನಿಮ್ಮ ಪ್ರಶ್ನೆಗೆ ಜಾಗವಿಲ್ಲ. ನೋಂದಣಿಯಾದ ವರ್ಷ ಮತ್ತು ಸಲ್ಲಿಸಿದ ವರ್ಷ ಎರಡೂ ಸಿಕ್ಕರೆ ಅಂತರ ನೋಡಿ. ಎಲ್ಲರಿಗೂ ಏಳೆಂಟು ವರ್ಷ ಹಿಡಿದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಶಿಕ್ಷಣ ವಿಭಾಗ ಎಂದರೆ ಹತ್ತಿರದ ವಿಶ್ವವಿದ್ಯಾಲಯದ್ದು ಮಾತ್ರವಲ್ಲ. ಗಣಿತ, ವಿಜ್ಞಾನ ಕಲಿಕೆಯ ಸಂಶೋಧನೆಗೆ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ, ಶಿಕ್ಷಣ ಯೋಜನೆ ಮತ್ತು ಆಡಳಿತಕ್ಕೆ ದೆಹಲಿಯ ನೀಪಾ ಇದೆ, ತಂತ್ರಜ್ಞಾನ ಬಳಸಿ ಕಲಿಸುವುದರ ಬಗ್ಗೆ ಐಐಟಿ ಬಾಂಬೆಯಲ್ಲಿ ಪಿಎಚ್‌.ಡಿ ಇದೆ. ನಿಮ್ಮದು ಗಣಿತವಾದ್ದರಿಂದ ಮೊದಲನೆಯದರ ಪುಟವನ್ನಂತೂ ನೋಡಲೇಬೇಕು. ಪ್ರತಿಯೊಂದರ ಪ್ರವೇಶ ಕ್ರಮವೂ ಬೇರೆ ಬೇರೆ.

ಗೈಡ್‌ಗೆ ಬರೆಯುವ ಇಮೇಲ್ ಎಂಟು ಹತ್ತು ಸಾಲು ದಾಟದಿರಲಿ. ‘ಗೌರವಾನ್ವಿತ ಮೇಡಂ, ನಾನು ಎಂ.ಎಡ್. ಮುಗಿಸಿ ಎಂಟು, ಒಂಬತ್ತನೇ ತರಗತಿಗೆ ಗಣಿತ ಕಲಿಸುತ್ತಿದ್ದೇನೆ. ಮಾಧ್ಯಮ ಬದಲಿಸಿದ ಮಕ್ಕಳು ಹೇಳಿಕೆ ಲೆಕ್ಕದಲ್ಲಿ ಮಾಡುವ ತಪ್ಪುಗಳ ಬಗ್ಗೆ ಕೆಲಸ ಮಾಡಬೇಕೆಂದಿದ್ದೇನೆ. ನಿಮ್ಮ ಮಾರ್ಗದರ್ಶನದಲ್ಲಿ ಆದ ಇಂಥ ಥೀಸಿಸ್‌ನಲ್ಲಿ ಓದುವ ಗ್ರಹಿಕೆಯನ್ನು ಅಳೆದಿದ್ದಾರೆ, ಆದರೆ ಲೆಕ್ಕದ ಭಾಷೆಯನ್ನು ಬೇರೆಯಾಗಿ ನೋಡಿಲ್ಲ. ಎರಡು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ. ಮುಂದಿನ ಪ್ರವೇಶದಲ್ಲಿ ನಿಮ್ಮಲ್ಲಿ ಸ್ಥಾನ ಇರುವ ಸಾಧ್ಯತೆ ಇದೆಯೇ?’ ಇಷ್ಟೇ. ಬಡತನದ ಕಥೆ, ಮನೆಯ ಕಷ್ಟ, ‘ತಮ್ಮ ಆಶೀರ್ವಾದ’ ಯಾವುದೂ ಬೇಡ. ಹದಿನೈದು ದಿನ ಉತ್ತರ ಬಾರದಿದ್ದರೆ ಅದೇ ಇಮೇಲ್ ಮೇಲೆ ಒಂದು ಸಾಲಿನ ನೆನಪೋಲೆ ಕಳಿಸಿ. ಅದಕ್ಕೂ ಬಾರದಿದ್ದರೆ ಅವಮಾನ ಎಂದುಕೊಳ್ಳದೆ ಮುಂದಿನ ಹೆಸರಿಗೆ ಹೋಗಿ. ಮೊದಲ ತಲೆಮಾರಿನವರು ಒಂದು ಮೌನಕ್ಕೇ ‘ನಾನು ಇದಕ್ಕೆ ಲಾಯಕ್ಕಿಲ್ಲ’ ಎಂದು ಹಿಂದೆ ಸರಿಯುವುದು ತುಂಬಾ ಸಾಮಾನ್ಯ. ಅಲ್ಲಿ ನಿಜವಾಗಿ ಆಗಿರುವುದು ಇಷ್ಟೇ: ಇನ್‌ಬಾಕ್ಸ್ ತುಂಬಿದೆ.

ಈಗ ನೆಟ್. 2024ರ ಜೂನ್ ಪರೀಕ್ಷೆಯಿಂದ ಅದರ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತದೆ: ಜೆಆರ್‌ಎಫ್ (ತಿಂಗಳ ಧನಸಹಾಯ ಕೊಡುವ ಕಿರಿಯ ಸಂಶೋಧನಾ ಫೆಲೋಷಿಪ್), ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ, ಪಿಎಚ್‌.ಡಿ ಪ್ರವೇಶಕ್ಕೆ ಮಾತ್ರ ಅರ್ಹತೆ. ಮೂರರಲ್ಲಿ ಯಾವುದು ಸಿಕ್ಕರೂ ಪಿಎಚ್‌.ಡಿ ಬಾಗಿಲು ತೆರೆಯುತ್ತದೆ. ಎರಡನೇ ಮತ್ತು ಮೂರನೇ ಬಗೆಯವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಆ ಅಂಕ ಪಿಎಚ್‌.ಡಿ ಪ್ರವೇಶಕ್ಕೆ ಒಂದು ವರ್ಷ ಮಾತ್ರ ನಡೆಯುತ್ತದೆ. ಗೈಡ್ ಮತ್ತು ಪ್ರಶ್ನೆ ಸಿದ್ಧವಿಲ್ಲದೆ ನೆಟ್ ಪಾಸಾದವರು ಆ ವರ್ಷವನ್ನು ಕೈಚೆಲ್ಲಿ ಮತ್ತೆ ಬರೆಯುವುದು ಇದೇ ಕಾರಣಕ್ಕೆ. ಮೊದಲ ಪತ್ರಿಕೆ 50 ಪ್ರಶ್ನೆ 100 ಅಂಕ, ಎರಡನೆಯದು 100 ಪ್ರಶ್ನೆ 200 ಅಂಕ, ಎರಡಕ್ಕೂ ಸೇರಿ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡದಲ್ಲಿ ಶಿಕ್ಷಣ ಮನೋವಿಜ್ಞಾನ ಓದಿಕೊಂಡವರು ಗೊತ್ತಿರುವ ಉತ್ತರವನ್ನೇ ಗುರುತಿಸಲಾಗದೆ ಅಂಕ ಕಳೆದುಕೊಳ್ಳುತ್ತಾರೆ. ಪಠ್ಯಕ್ರಮದ ಹತ್ತು ಘಟಕಗಳ ಪಾರಿಭಾಷಿಕ ಪದಗಳಿಗೆ ಕನ್ನಡ–ಇಂಗ್ಲಿಷ್ ಎರಡು ಕಾಲಮ್ಮಿನ ಪಟ್ಟಿ ಮಾಡಿಕೊಳ್ಳಿ.

ತಾವೇ ಪ್ರವೇಶ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಗಳೂ ಇವೆ. 2022ರ ನಿಯಮದಂತೆ ಆ ಪರೀಕ್ಷೆಯಲ್ಲಿ ಅರ್ಧ ಸಂಶೋಧನಾ ವಿಧಾನ, ಅರ್ಧ ವಿಷಯ. ಸಂದರ್ಶನಕ್ಕೆ ಕರೆ ಬರಲು ಶೇ. 50 ಬೇಕು, ಮೀಸಲಾತಿಯವರಿಗೆ ಶೇ. 45.

ಅರ್ಜಿಯ ಹಂತದಲ್ಲಿ ನಮ್ಮ ರಾಜ್ಯದವರು ಸಿಕ್ಕಿಹಾಕಿಕೊಳ್ಳುವ ಒಂದು ಜಾಗವಿದೆ. ಪ್ರವರ್ಗ 1, 2ಎ, 3ಬಿ ಎಂದು ಬರೆದ ರಾಜ್ಯದ ಜಾತಿ ಮತ್ತು ಆದಾಯ ಪ್ರಮಾಣಪತ್ರ ನೆಟ್‌ಗಾಗಲೀ ಕೇಂದ್ರದ ಸಂಸ್ಥೆಗಳಿಗಾಗಲೀ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿರಬೇಕು, ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು, ಕೆನೆಪದರಕ್ಕೆ ಸೇರಿಲ್ಲ ಎಂಬ ಒಕ್ಕಣೆ ಚಾಲ್ತಿಯ ಅವಧಿಯದ್ದಾಗಿರಬೇಕು. ಅರ್ಜಿಯ ಕೊನೆಯ ವಾರ ನಾಡಕಚೇರಿಗೆ ಓಡಿದರೆ ಆಗುವ ಕೆಲಸವಲ್ಲ, ಮೂರು ತಿಂಗಳು ಮುಂಚೆಯೇ ಮಾಡಿಸಿಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಎಂಬಂಥ ವ್ಯತ್ಯಾಸವನ್ನೂ ಆಗಲೇ ಸರಿಪಡಿಸಿಕೊಳ್ಳಿ.

ಕೆಲಸ ಬಿಡಬೇಕೇ ಎಂಬುದಕ್ಕೆ ಹಣದ ಲೆಕ್ಕದಿಂದಲೇ ಉತ್ತರ ಹುಡುಕಬೇಕು. ಜೆಆರ್‌ಎಫ್ ಸಿಕ್ಕರೆ ಬಿಡಬಹುದು: 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಅದು ಪೂರ್ಣಾವಧಿಯವರಿಗೆ ಮಾತ್ರ. ವಯಸ್ಸಿನ ಮಿತಿ 30, ಮಹಿಳೆಯರಿಗೆ ಮತ್ತು ಮೀಸಲಾತಿಯವರಿಗೆ ಐದು ವರ್ಷದ ಸಡಿಲಿಕೆ ಇದೆ. ಜೆಆರ್‌ಎಫ್ ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದವರಿಗೆ ಸಿಗುವುದು ತಿಂಗಳಿಗೆ 8,000. ಅದರಲ್ಲಿ ಹಾಸ್ಟೆಲ್ ಖರ್ಚು ಕಳೆದು ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಮನೆಯವರಿಗೆ ‘ಇನ್ನೂ ಸ್ವಲ್ಪ ದಿನ ಓದುತ್ತೇನೆ’ ಎನ್ನಬೇಡಿ. ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಐದು, ಇಷ್ಟು ತಿಂಗಳು ಸಂಬಳ ಇರುವುದಿಲ್ಲ ಎಂದು ಅಂಕಿ ಇಟ್ಟು ಹೇಳಿ. ಅರ್ಧಕ್ಕೆ ನಿಂತ ಓದುಗಳ ಹಿಂದೆ ‘ಇನ್ನೂ ಮುಗಿದಿಲ್ಲವಾ’ ಎಂಬ ಮಾತು ಇದ್ದೇ ಇರುತ್ತದೆ.

ಜೆಆರ್‌ಎಫ್ ಇಲ್ಲದಿದ್ದರೆ ಅರೆಕಾಲಿಕ ನೋಂದಣಿಯೇ ನನ್ನ ಸಲಹೆ. 2022ರ ನಿಯಮ ಅದಕ್ಕೆ ಒಪ್ಪಿದೆ. ಶಾಲೆಯಿಂದ ನಿರಾಕ್ಷೇಪಣಾ ಪತ್ರ ಬೇಕು, ಅದರಲ್ಲಿ ಮೂರು ಮಾತು ಸ್ಪಷ್ಟವಾಗಿರಬೇಕು: ಅರೆಕಾಲಿಕವಾಗಿ ಓದಲು ಅನುಮತಿ ಇದೆ, ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ (ಆರಂಭದ ಕಡ್ಡಾಯ ಪಾಠಗಳಿಗೆ) ಬಿಡುಗಡೆ ಮಾಡುತ್ತೇವೆ. ‘ನಮ್ಮ ಅಭ್ಯಂತರವಿಲ್ಲ’ ಎಂಬ ಒಂದು ಸಾಲಿನ ಪತ್ರ ವಾಪಸ್ ಬರುತ್ತದೆ. ಕೋರ್ಸ್‌ವರ್ಕ್ 12ರಿಂದ 16 ಕ್ರೆಡಿಟ್, ತರಗತಿಗೆ ಹೋಗಬೇಕು, ಶೇ. 55 ಬರಬೇಕು. ಆ ಅವಧಿಗೆ ಸಂಬಳವಿಲ್ಲದ ರಜೆ ಬೇಕಾದೀತೆಂದು ಈಗಲೇ ಆಡಳಿತ ಮಂಡಳಿಯೊಡನೆ ಮಾತಾಡಿ. ಒಟ್ಟು ಗರಿಷ್ಠ ಅವಧಿ ಆರು ವರ್ಷ, ಮರುನೋಂದಣಿಯಿಂದ ಇನ್ನೆರಡು, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು. ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆಯೂ ಇದೆ. ‘ಮನೆಯಲ್ಲೇ ಕೂತು ಆನ್‌ಲೈನ್ ಪಿಎಚ್‌.ಡಿ’ ಎಂದು ಫೋನ್ ಮಾಡುವ ಕಂಪನಿಗಳನ್ನು ದೂರವಿಡಿ. ವಿದೇಶಿ ಸಂಸ್ಥೆಗಳ ಹೆಸರಲ್ಲಿ ಅವು ಕೊಡುವ ಪದವಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2022ರಲ್ಲೇ ಎಚ್ಚರಿಸಿದೆ.

ಸೇರಿದ ಮೇಲಿನದ್ದನ್ನೆಲ್ಲ ಇಲ್ಲಿ ಹೇಳಲಾಗದು, ಆದರೆ ಶಿಕ್ಷಣ ಸಂಶೋಧನೆಯಲ್ಲಿ ಪದೇ ಪದೇ ಕೆಡುವ ಎರಡು ವಿಷಯ ಮೊದಲೇ ಗೊತ್ತಿರಲಿ.

ಒಂದು, ಸ್ಯಾಂಪಲ್. ಅಧ್ಯಯನಕ್ಕೆ ಎಷ್ಟು ಮಂದಿಯನ್ನು ಆರಿಸಬೇಕು ಎಂದರೆ 384 ಎಂಬ ಸಂಖ್ಯೆ ಮಂತ್ರದಂತೆ ಓಡಾಡುತ್ತದೆ. ಅದು ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಕೋಷ್ಟಕದ್ದು. ದೊಡ್ಡ ಜನಸಮೂಹದಿಂದ ಚೀಟಿ ಎತ್ತಿದಂತೆ ಬಿಡಿಬಿಡಿಯಾಗಿ ಆರಿಸಿದಾಗ ಮಾತ್ರ ಸಲ್ಲುತ್ತದೆ. ನಾವು ಮಾಡುವುದು ಇಡೀ ತರಗತಿಗೆ ಹಾಳೆ ಹಂಚುವುದು. ಒಂದೇ ತರಗತಿಯ ಮಕ್ಕಳು ಒಬ್ಬರಿಗೊಬ್ಬರು ಹೋಲುತ್ತಾರೆ, ಶಿಕ್ಷಕರೂ ಒಬ್ಬರೇ. ತರಗತಿಗೆ 30 ಮಕ್ಕಳು, ಆ ಹೋಲಿಕೆಯ ಪ್ರಮಾಣ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಪೂರ್ತಿ ಒಂದೇ) 0.2 ಇದೆ ಅನ್ನಿ. 30ರಲ್ಲಿ ಒಂದು ಕಳೆದು ಉಳಿದ 29ನ್ನು 0.2ರಿಂದ ಗುಣಿಸಿ ಒಂದು ಕೂಡಿಸಿದರೆ 6.8. ಮಕ್ಕಳ ಸಂಖ್ಯೆಯನ್ನು ಇದರಿಂದ ಭಾಗಿಸಬೇಕು. ಹತ್ತು ತರಗತಿಯ 300 ಮಕ್ಕಳ ಉತ್ತರಪತ್ರಿಕೆಗಳು ಬಿಡಿಬಿಡಿಯಾಗಿ ಆರಿಸಿದ ಸುಮಾರು 44 ಮಕ್ಕಳಷ್ಟೇ ಮಾಹಿತಿ ಕೊಡುತ್ತವೆ. ಎರಡು ಗುಂಪುಗಳ ಮಧ್ಯಮ ಪ್ರಮಾಣದ ವ್ಯತ್ಯಾಸವನ್ನು ಶೇ. 80ರ ಭರವಸೆಯಲ್ಲಿ ಹಿಡಿಯಲು ಗುಂಪಿಗೆ 64 ಮಂದಿಯಾದರೂ ಬೇಕು, ಅದೂ ಬಿಡಿಬಿಡಿಯಾಗಿ ಆರಿಸಿದ್ದರೆ. ಆದ್ದರಿಂದ ಒಂದೇ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ಶಾಲೆಗಳ ಸಂಖ್ಯೆ ಹೆಚ್ಚಿಸಿ.

ಎರಡು, ಟೂಲ್‌ನ ಅನುವಾದ. ‘ತರಗತಿಯಲ್ಲಿ ಪ್ರಶ್ನೆ ಕೇಳುವಾಗ ನನಗೆ ಆರಾಮದಾಯಕ ಅನುಭವವಾಗುತ್ತದೆ’ ಎಂಬ ಇಂಗ್ಲಿಷ್ ನೆರಳಿನ ವಾಕ್ಯಕ್ಕೆ ಎಂಟನೇ ತರಗತಿಯ ಮಗು ಸುಮ್ಮನೆ ‘ಹೌದು’ ಎಂದು ಟಿಕ್ ಮಾಡುತ್ತದೆ. ಅದನ್ನೇ ‘ಪ್ರಶ್ನೆ ಕೇಳಲು ನನಗೆ ಅಂಜಿಕೆಯಾಗುತ್ತದೆ’ ಎಂದರೆ ಅರ್ಥವಾಗುತ್ತದೆ, ಆದರೆ ವಾಕ್ಯದ ದಿಕ್ಕು ತಿರುಗಿತು. ಅಂಕ ಕೊಡುವಾಗ 5ನ್ನು 1, 4ನ್ನು 2 ಎಂದು ತಿರುಗಿಸಲು ಮರೆತರೆ ಕ್ರೋನ್‌ಬಾಕ್ ಆಲ್ಫಾ (ಪ್ರಶ್ನಾವಳಿಯ ವಾಕ್ಯಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಪಾತಾಳಕ್ಕಿಳಿಯುತ್ತದೆ, ಟೂಲೇ ಸರಿಯಿಲ್ಲವೆಂದು ಎಸೆಯುವವರೂ ಇದ್ದಾರೆ. ಆಲ್ಫಾ 0.7ಕ್ಕಿಂತ ಕಡಿಮೆ ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ. ಕನ್ನಡಕ್ಕೆ ತಂದದ್ದನ್ನು ಮೂಲ ನೋಡಿರದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸಿ, 30–40 ಮಕ್ಕಳ ಮೇಲೆ ಪ್ರಯೋಗ ಮಾಡಿ, ಆಮೇಲೆ ಮುದ್ರಿಸಿ. ಸರ್ಕಾರಿ ಶಾಲೆಗಳಿಗೆ ಹೋಗುವುದಾದರೆ ಇಲಾಖೆಯ ಅನುಮತಿ ಪತ್ರ, ಮಕ್ಕಳ ಪೋಷಕರ ಒಪ್ಪಿಗೆ ಎರಡೂ ಬೇಕು. ಜನವರಿಯಿಂದ ಎಸ್‌ಎಸ್‌ಎಲ್‌ಸಿ ತಯಾರಿ ಶುರುವಾದರೆ ಯಾವ ಮುಖ್ಯೋಪಾಧ್ಯಾಯರೂ ಒಂದು ಪೀರಿಯಡ್ ಬಿಟ್ಟುಕೊಡುವುದಿಲ್ಲ. ಜುಲೈನಿಂದ ಡಿಸೆಂಬರ್‌ವರೆಗೆ, ಅದರಲ್ಲೂ ದಸರಾ ರಜೆ ಕಳೆದು ಉಳಿದಷ್ಟೇ ನಿಮ್ಮ ಕಾಲ. ಅದು ತಪ್ಪಿದರೆ ಒಂದು ವರ್ಷ ಹೋಯಿತೆಂದೇ ಲೆಕ್ಕ.

ಅಧ್ಯಾಯಕ್ಕಿಷ್ಟು ಎಂದು ಬರೆದುಕೊಡುವವರ ಜಾಹೀರಾತು ನಿಮಗೂ ಬರುತ್ತದೆ. 2018ರ ಯುಜಿಸಿ ಕೃತಿಚೌರ್ಯ ನಿಯಮದಲ್ಲಿ ಶೇ. 10ರವರೆಗೆ ಸಾಮ್ಯತೆಗೆ ದಂಡವಿಲ್ಲ, 40ರವರೆಗೆ ತಿದ್ದಿ ಸಲ್ಲಿಸಲು ಆರು ತಿಂಗಳು, 60 ದಾಟಿದರೆ ನೋಂದಣಿಯೇ ರದ್ದು. ಬರೆದುಕೊಟ್ಟವರು ಅದೇ ಅಧ್ಯಾಯವನ್ನು ಇನ್ನೊಬ್ಬರಿಗೂ ಮಾರಿದ್ದರೆ ಸಿಕ್ಕಿಬೀಳುವವರು ನೀವು.

ಕೊನೆಯದಾಗಿ ಕನ್ನಡದ ವಿಷಯ. ಥೀಸಿಸ್‌ನ ಭಾಷೆಯನ್ನು ಆಯಾ ವಿಶ್ವವಿದ್ಯಾಲಯದ ಪಿಎಚ್‌.ಡಿ ನಿಯಮಾವಳಿ ಹೇಳುತ್ತದೆ, ಅರ್ಜಿಗೆ ಮುಂಚೆ ಆ ಪುಟವನ್ನು ಓದಿ. ಅವಕಾಶ ಇದ್ದರೂ ಒಂದು ಲೆಕ್ಕ ಹಾಕಿ: ಥೀಸಿಸನ್ನು ಗೈಡ್ ಅಲ್ಲದೆ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ಓದಬೇಕು. ಕನ್ನಡದಲ್ಲಿ ಬರೆದರೆ ನಿಮ್ಮ ವಿಷಯವೂ ಕನ್ನಡವೂ ಬಲ್ಲ ಪರೀಕ್ಷಕರು ಕೆಲವರೇ, ಅವರಲ್ಲಿ ಬಿಡುವಿದ್ದವರು ಇನ್ನೂ ಕಡಿಮೆ. ಗಣಿತ ಕಲಿಕೆಯಂಥ ವಿಷಯಕ್ಕೆ ನಾನು ಹೇಳುವುದು ಇಂಗ್ಲಿಷಿನ ಥೀಸಿಸನ್ನೇ. ಆದರೆ ಯೋಚನೆ, ಟಿಪ್ಪಣಿ, ಮೊದಲ ಕರಡು ಕನ್ನಡದಲ್ಲಿರಲಿ. ಮಕ್ಕಳ ಮಾತನ್ನು ಕನ್ನಡದಲ್ಲೇ ಬರೆದಿಟ್ಟುಕೊಂಡು ವಿಶ್ಲೇಷಣೆಯನ್ನೂ ಕನ್ನಡದಲ್ಲೇ ಮಾಡಿ, ಉಲ್ಲೇಖಿಸುವ ವಾಕ್ಯಗಳನ್ನಷ್ಟೇ ಕೊನೆಯಲ್ಲಿ ಅನುವಾದಿಸಿ, ಮೂಲವನ್ನು ಅನುಬಂಧದಲ್ಲಿ ಹಾಕಿ. ‘ಲೆಕ್ಕ ಗೊತ್ತು ಮಿಸ್, ಏನ್ ಕೇಳವ್ರೆ ಅಂತ ಗೊತ್ತಾಗ್ಲಿಲ್ಲ’ ಎಂದು ಮಗು ಹೇಳಿದ್ದನ್ನು ಮೊದಲೇ ಇಂಗ್ಲಿಷಿಗೆ ಹಾಕಿಬಿಟ್ಟರೆ ‘ಅರ್ಥವಾಗಲಿಲ್ಲ’ ಎಂಬ ಒಂದೇ ಡಬ್ಬಿಗೆ ಅದು ಬೀಳುತ್ತದೆ, ಮಗು ಅಲ್ಲಿ ಎರಡನ್ನು ಬೇರೆ ಬೇರೆ ಮಾಡಿ ಹೇಳಿದ್ದು ಕಳೆದುಹೋಗುತ್ತದೆ.